ಮುಚ್ಚಿದ ಬಾಗಿಲು ಬಡಿಯಬಾರದು

ನಮ್ಮ ಬಿಲ್ಡಿಂಗಿನ ಸೊಸೈಟಿಯವರು ಕಳೆದ ವಾರ ಒಂದು ನೋಟೀಸು ಅಂಟಿಸಿದ್ದಾರೆ. ಪ್ರತಿಯೊಂದು ಮನೆಯವರೂ ಈಗಿರುವ ಬಾಗಿಲಿನ ಮುಂದೆ ಇನ್ನೊಂದು ಕಬ್ಬಿಣದ ಜಾಲಿ ಬಾಗಿಲು ಹಾಕಿಸಿಕೊಳ್ಳಬೇಕಂತೆ. ಕಳ್ಳರ ಕಾಟ ಹೆಚ್ಚಾಗಿದೆಯಂತೆ. ಜೋಗೇಶ್ವರಿಯಲ್ಲಿ ಎರಡನೆಯ ಮಾಳಿಗೆಯ ಮೇಲಿರುವ ನನ್ನ ಈ ಒಂದು ಕೋಣೆ, ಒಂದು ಅಡುಗೆಮನೆಯ ಸಂಸಾರಕ್ಕೆ ಕಳ್ಳ ಬಂದರೂ ಏನು ಒಯ್ದಾನು? ಒಂದು ರೇಡಿಯೋ ಇದೆ, ಅದೂ ತಲೆಯ ಮೇಲೆ ಹೊಡೆದರೆ ಮಾತ್ರ ಹಾಡುತ್ತದೆ. ಪಾಪ, ಅಷ್ಟು ಮೆಟ್ಟಿಲು ಹತ್ತಿ ಬಂದ ತಪ್ಪಿಗೆ ಅವನಿಗೇ ಒಂದು ಲೋಟ ಚಹಾ ಕೊಟ್ಟು ಕಳಿಸಬೇಕಾದೀತು. ಆದರೂ ನಿಯಮವೆಂದರೆ ನಿಯಮ. ವೆಲ್ಡಿಂಗಿನವನು ಬಂದು ಅಳತೆ ತೆಗೆದುಕೊಂಡು ಹೋದ. ಹೋಗುವ ಮುಂಚೆ ಹಳೆಯ ಬಾಗಿಲನ್ನು ಬೆರಳಿನಿಂದ ತಟ್ಟಿ, ‘ಯೇ ಭೀ ಮಜಬೂತ್ ಹೈ ಸಾಬ್’ ಎಂದು ಮೆಚ್ಚಿಕೊಂಡ. ಅದು ಎಷ್ಟು ಗಟ್ಟಿಯೆಂದು ಅವನಿಗಿಂತ ನನಗೆ ಚೆನ್ನಾಗಿ ಗೊತ್ತು.

ಭಾನುವಾರ ಬೆಳಿಗ್ಗೆ ನಾವು ನಾಲ್ಕೈದು ಜನ ಮಾಟುಂಗದ ಒಂದು ಹೋಟೆಲಿನಲ್ಲಿ ಸೇರುವ ರೂಢಿಯಿದೆ. ನೋಟೀಸಿನ ಮಾತನ್ನು ಅಲ್ಲಿ ತೆಗೆದೆ. ಗಲ್ಲಾದ ಮೇಲೆ ಕೂತಿದ್ದ ಹೋಟೆಲಿನ ಶೆಟ್ಟರು ಕೇಳಿಸಿಕೊಂಡು, ‘ಆ ಕಾಲವೇ ಹೋಯ್ತು ಮಾರಾಯ್ರೆ. ನಾವು ಬಂದ ಹೊಸತರಲ್ಲಿ ಚಾಳಿನಲ್ಲಿ ಬಾಗಿಲು ಹಾಕುವುದು ಅಂತ ಉಂಟಾ? ಈಗ ನೋಡಿ, ಬಾಗಿಲಿಗೊಂದು ಬಾಗಿಲು’ ಎಂದರು. ಹಾಗೆ ಹೇಳಿದ್ದೇ ತಡ, ನಮ್ಮ ಮೇಜಿನಲ್ಲಿ ನಿಟ್ಟುಸಿರಿನ ಸರದಿ ಶುರುವಾಯಿತು. ಒಬ್ಬರಿಗೆ ಚಾಳಿನ ಗ್ಯಾಲರಿ ನೆನಪಾಯಿತು, ಇನ್ನೊಬ್ಬರಿಗೆ ಪಕ್ಕದ ಖೋಲಿಯಿಂದ ಬರುತ್ತಿದ್ದ ಸಾರಿನ ವಾಸನೆ. ಎಲ್ಲರ ಕಣ್ಣೂ ಒದ್ದೆಯಾದವು. ಆಮೇಲೆ ಎಲ್ಲರೂ ಎದ್ದು, ಜೇಬಿನಲ್ಲಿ ಮನೆಯ ಕೀಲಿಕೈ ಇದೆಯೋ ಇಲ್ಲವೋ ಎಂದು ಮುಟ್ಟಿ ನೋಡಿಕೊಂಡು, ತಂತಮ್ಮ ಬ್ಲಾಕುಗಳಿಗೆ ಹೋದರು. ಚಾಳಿಗೆ ಹಿಂತಿರುಗಿ ಹೋಗುತ್ತೀರಾ ಎಂದು ಕೇಳಿದ್ದರೆ ಒಬ್ಬರೂ ಹೂಂ ಅನ್ನುತ್ತಿರಲಿಲ್ಲ. ನಾನೂ ಅನ್ನುತ್ತಿರಲಿಲ್ಲ.

ಹಳೆಯ ಕಾಲವನ್ನು ಹೊಗಳುವ ಮಂದಿಯನ್ನು ಕಂಡರೆ ನನಗೆ ಈಚೆಗೆ ಸಿಟ್ಟು ಬರುತ್ತದೆ. ಸಿಟ್ಟಿನ ಕಾರಣ ಅವರಲ್ಲ, ನಾನೇ. ಅದನ್ನು ಹೇಳುವುದಕ್ಕೆ ನಿಮ್ಮನ್ನು ಒಂದಿಷ್ಟು ಪರೇಲಿಗೆ ಕರೆದುಕೊಂಡು ಹೋಗಬೇಕು.

ನಾನು ಹುಟ್ಟಿದ್ದು ವಿಜಾಪುರದ ಕಡೆಯ ಹಳ್ಳಿಯಲ್ಲಾದರೂ ಬೆಳೆದದ್ದು ಪರೇಲಿನ ಚಾಳಿನಲ್ಲಿ. ಅಪ್ಪ ಬಟ್ಟೆ ಗಿರಣಿಯ ಮಗ್ಗದ ಖಾತೆಯಲ್ಲಿದ್ದ. ಒಂದು ಮಾಳಿಗೆಗೆ ಒಂದೊಂದೇ ಕೋಣೆಯ ಹದಿನಾರು ಖೋಲಿ, ಹದಿನಾರು ಖೋಲಿಗೆ ಒಂದು ನಲ್ಲಿ. ಸಂಡಾಸಿನ ಮುಂದೆ ಡಬ್ಬಿ ಹಿಡಿದು ನಿಲ್ಲುವ ಸಾಲಿನಲ್ಲೇ ನಾನು ಅಂಕಗಣಿತದ ಮಗ್ಗಿ ಬಾಯಿಪಾಠ ಮಾಡಿದೆ. ಅದೇನು ಸ್ವರ್ಗವಾಗಿರಲಿಲ್ಲ. ಬೆಳಗಿನಿಂದ ರಾತ್ರಿ ಮಲಗುವವರೆಗೆ ಎಲ್ಲರ ಬಾಗಿಲೂ ತೆರೆದಿರುತ್ತಿತ್ತು, ನಿಜ. ಆದರೆ ಅದು ಯಾರ ದೊಡ್ಡ ಮನಸ್ಸಿನಿಂದಲೂ ಅಲ್ಲ, ಸೆಖೆಯಿಂದ. ಬಾಗಿಲು ಹಾಕಿದರೆ ಒಳಗಿನವರಿಗೆ ಉಸಿರು ಕಟ್ಟುತ್ತಿತ್ತು. ತೆರೆದ ಬಾಗಿಲಿನೊಳಗೆ ಗಾಳಿಯ ಜೊತೆಗೆ ಮನುಷ್ಯರೂ ಬರುತ್ತಿದ್ದರು, ಅಷ್ಟೇ.

ಹಾಗಾಗಿ ನಮ್ಮ ಚಾಳಿನಲ್ಲಿ ಹಗಲು ಹೊತ್ತು ಒಂದು ಬಾಗಿಲು ಮುಚ್ಚಿದೆಯೆಂದರೆ ಅದಕ್ಕೆ ಎರಡೇ ಅರ್ಥ. ಹೊರಗೆ ಬೀಗವಿದ್ದರೆ ಆ ಮನೆಯವರು ಊರಿಗೆ ಹೋಗಿದ್ದಾರೆ. ಬೀಗವಿಲ್ಲದಿದ್ದರೆ ಒಳಗೆ ರಾತ್ರಿ ಪಾಳಿ ಮಾಡಿ ಬಂದ ಗಿರಣಿಯವನು ಮಲಗಿದ್ದಾನೆ. ಎರಡರಲ್ಲಿ ಯಾವುದಾದರೂ ಸರಿ, ಮುಚ್ಚಿದ ಬಾಗಿಲನ್ನು ಯಾರೂ ಬಡಿಯುತ್ತಿರಲಿಲ್ಲ. ಬಂದವರು ಅಲ್ಲೇ ಗ್ಯಾಲರಿಯಲ್ಲಿ ಕೂತು ಕಾಯುತ್ತಿದ್ದರು. ಕೆಮ್ಮು ಬಂದರೆ ಸೆರಗು ಬಾಯಿಗೆ ಒತ್ತಿಕೊಳ್ಳುತ್ತಿದ್ದರು. ರಾತ್ರಿಯೆಲ್ಲ ಮಗ್ಗದ ಮುಂದೆ ನಿಂತವನ ನಿದ್ದೆ ಕೆಡಿಸುವುದು ನಮ್ಮಲ್ಲಿ ಕಳ್ಳತನಕ್ಕಿಂತ ದೊಡ್ಡ ತಪ್ಪು. ಒಮ್ಮೆ ನನ್ನ ಚೆಂಡು ಯಾರದೋ ಕಿಟಕಿಯೊಳಗೆ ಬಿತ್ತೆಂದು ನಾನು ಆ ಬಾಗಿಲು ಬಡಿಯುತ್ತಿದ್ದಾಗ ಹಿಂದಿನಿಂದ ಒಂದು ಕೈ ಬಂದು ನನ್ನ ಕಿವಿ ಹಿಂಡಿತು.

‘ಮುಚ್ಚಿದ ಬಾಗಲಾ ಬಡೀಬಾರದೋ ಸಿದ್ದ್ಯಾ. ಒಳಗ ಯಾರದೋ ಕಣ್ಣು ಈಗ ಹತ್ತಿರ್ತಾವ.’

ಅದು ಗಂಗವ್ವನ ಕೈ. ಗಂಗವ್ವ ನಮ್ಮ ಎದುರು ಖೋಲಿಯವಳು, ನಮ್ಮ ಕಡೆಯವಳೇ. ಗಂಡ ಸತ್ತ ಮೇಲೆ ಒಬ್ಬನೇ ಮಗ ಬಸುವನ್ನು ಕಟ್ಟಿಕೊಂಡು ಖೋಲಿಯಲ್ಲೇ ಖಾನಾವಳಿ ನಡೆಸುತ್ತಿದ್ದಳು. ಗಿರಣಿಯ ಹತ್ತು ಹನ್ನೆರಡು ಜನ ನಮ್ಮೂರ ಕಡೆಯ ಗಂಡಸರು ಅವಳ ಜೋಳದ ರೊಟ್ಟಿ ತಿಂದು ಬದುಕುತ್ತಿದ್ದರು. ಅವಳ ದನಿ ಕೆಳಗಿನ ರಸ್ತೆಗೂ ಕೇಳುತ್ತಿತ್ತು. ಬಾಯಲ್ಲಿ ಸದಾ ತಂಬಾಕು. ಬೈಗುಳದಲ್ಲಿ ಗಂಡಸರನ್ನೂ ಮೀರಿಸಿದವಳು. ನಾನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ, ನನ್ನ ಅವ್ವ ಗಂಗಕ್ಕ ಎನ್ನುತ್ತಿದ್ದಳು, ಅವಳು ಅವ್ವನನ್ನು ಶಾರದಾ ಎಂದು ಹೆಸರು ಹಿಡಿದೇ ಕರೆಯುತ್ತಿದ್ದಳು. ಬೈಯುತ್ತಲೇ ನನಗೆ ರೊಟ್ಟಿಯ ಮೇಲೆ ಶೇಂಗಾ ಚಟ್ನಿ, ಅದರ ಮೇಲೆ ಎಣ್ಣೆ ಸುರಿದು ಕೊಡುತ್ತಿದ್ದಳು. ಅವ್ವ ಮಾಡಿದ ರೊಟ್ಟಿಗೆ ಮೂಗು ಮುರಿಯುತ್ತಿದ್ದ ನಾನು ಅಲ್ಲಿ ಮೂರು ಮುಗಿಸುತ್ತಿದ್ದೆ.

ಅಪ್ಪನ ಎದೆಗೆ ಹತ್ತಿಯ ಧೂಳು ಕೂತು ಪರೇಲಿನ ದೊಡ್ಡ ಆಸ್ಪತ್ರೆಗೆ ಸೇರಿಸಿದಾಗ ನಾನು ಕಾಲೇಜಿನಲ್ಲಿದ್ದೆ. ಹನ್ನೊಂದು ದಿನ. ಅಷ್ಟೂ ದಿನ ಗಂಗವ್ವ ಖಾನಾವಳಿಯನ್ನು ಅರ್ಧಕ್ಕೆ ಬಿಟ್ಟು ಅವ್ವನ ಜೊತೆ ಆ ವಾರ್ಡಿನ ಹೊರಗೆ ನೆಲದ ಮೇಲೆ ಕೂತಳು. ಅಪ್ಪ ಉಳಿಯಲಿಲ್ಲ. ಅವ್ವ ಅಂದಿನಿಂದ ಹೇಳುತ್ತಿದ್ದ ಮಾತೊಂದೇ: ‘ಅವತ್ತು ಗಂಗಕ್ಕ ಬಾಜೂಕ ಇರದಿದ್ರ ನಾನೂ ಅಲ್ಲೇ ಮುಗೀತಿದ್ದೆ.’

ಮುಂದೆ ನನಗೆ ಫೋರ್ಟಿನ ಒಂದು ಆಫೀಸಿನಲ್ಲಿ ಗುಮಾಸ್ತಗಿರಿ ಸಿಕ್ಕಿತು. ಮೇಜು, ಕುರ್ಚಿ, ತಲೆಯ ಮೇಲೆ ಫ್ಯಾನು. ಅಲ್ಲಿ ಯಾರಾದರೂ ಮನೆ ಎಲ್ಲಿ ಎಂದು ಕೇಳಿದರೆ ನಾನು ‘ದಾದರ್ ಹತ್ತಿರ’ ಎನ್ನುತ್ತಿದ್ದೆ. ಪರೇಲ್ ದಾದರಿನ ಹತ್ತಿರವೇ ಇದೆಯಲ್ಲ, ಸುಳ್ಳಾಗಲಿಲ್ಲ. ನಮ್ಮ ತಂದೆ ‘ಟೆಕ್ಸ್‌ಟೈಲಿನಲ್ಲಿ’ ಇದ್ದರು ಎನ್ನುತ್ತಿದ್ದೆ. ಅದೂ ಸುಳ್ಳಲ್ಲ. ಹೀಗೆ ಒಂದೂ ಸುಳ್ಳು ಹೇಳದೆ ನಾನು ಬೇರೊಬ್ಬನಾಗಿಬಿಟ್ಟೆ.

ಎರಡು ಮೂರು ವರ್ಷದಲ್ಲಿ ಜೋಗೇಶ್ವರಿಯಲ್ಲಿ ಈ ಬ್ಲಾಕು ಆಯಿತು. ಒಳಗೇ ನಲ್ಲಿ, ಒಳಗೇ ಸಂಡಾಸು. ಬಾಗಿಲಿಗೆ ಲ್ಯಾಚು. ಅದರ ಮೇಲೆ ಹೊರಗಿನವರನ್ನು ನೋಡಲು ಬಟಾಣಿ ಕಾಳಿನಷ್ಟು ಗಾಜಿನ ಕಿಂಡಿ, ಬಡಗಿ ಅದಕ್ಕೆ ‘ಮ್ಯಾಜಿಕ್ ಐ’ ಎಂದಿದ್ದ. ಗೃಹಪ್ರವೇಶದ ದಿನ ಚಾಳಿನವರೆಲ್ಲ ಬಂದರು. ನಾನು ಗಂಗವ್ವನನ್ನು ಬಾಗಿಲ ಬಳಿಗೆ ಕರೆದೊಯ್ದು ಲ್ಯಾಚು ತೋರಿಸಿದೆ.

‘ನೋಡು ದೊಡ್ಡವ್ವಾ, ಇದಕ್ಕ ಬೀಗ ಬ್ಯಾಡ. ಬಾಗಲಾ ಎಳಕೊಂಡು ಊರಿಗೆ ಹೋದ್ರೂ ಆತು, ತಾನಾ ಹಾಕ್ಕೋತೈತಿ.’

ಅವಳು ಬಾಗಿಲನ್ನು ಎರಡು ಸಲ ಎಳೆದು ತೆಗೆದು ನೋಡಿ, ‘ಹೊರಗ ಬೀಗಾ ಇರೂದಿಲ್ಲಂದ್ರ, ಒಳಗ ಮಂದಿ ಅದಾರೋ ಊರಿಗೆ ಹೋಗ್ಯಾರೋ ಹೆಂಗ ತಿಳೀಬೇಕಪಾ?’ ಎಂದಳು.

ನಾನು ನಕ್ಕೆ. ಬಂದವರೂ ನಕ್ಕರು. ಅದಕ್ಕೆ ನನ್ನಲ್ಲಿ ಉತ್ತರವಿದೆಯೋ ಇಲ್ಲವೋ ಎಂದು ನಾನು ನೋಡಿಕೊಳ್ಳಲಿಲ್ಲ. ಹೊರಡುವಾಗ ಅವ್ವ ಅವಳ ಕೈ ಹಿಡಿದು, ‘ಯಾವಾಗ ಬೇಕಾದ್ರೂ ಬಾ ಗಂಗಕ್ಕ, ಹೇಳಿ ಕಳಸೂದು ಏನೂ ಬ್ಯಾಡ’ ಎಂದಳು.

ಲ್ಯಾಚು ಮೊದಲು ಬುದ್ಧಿ ಕಲಿಸಿದ್ದು ನನಗೇ. ಮೊದಲ ತಿಂಗಳಲ್ಲಿ ಅವ್ವ ದೇವಸ್ಥಾನಕ್ಕೆ ಹೋಗಿದ್ದಾಗ, ನಾನು ಸ್ನಾನ ಮುಗಿಸಿ ಟವೆಲ್ಲು ಸುತ್ತಿಕೊಂಡು ಹಾಲಿನ ಬಾಟಲಿ ತೆಗೆದುಕೊಳ್ಳಲು ಒಂದು ಹೆಜ್ಜೆ ಹೊರಗಿಟ್ಟೆ. ಗಾಳಿ ಬೀಸಿತು, ಬಾಗಿಲು ಟಪ್ಪೆಂದಿತು. ಎದೆಗೆ ಹಾಲಿನ ಬಾಟಲಿ ಅವಚಿಕೊಂಡು ಎದುರು ಮನೆಯ ಗಂಟೆ ಒತ್ತಿದೆ. ಅವರ ಮ್ಯಾಜಿಕ್ ಐ ಕತ್ತಲಾಯಿತು, ಎಂದರೆ ಒಳಗಿನಿಂದ ಯಾರೋ ನೋಡುತ್ತಿದ್ದಾರೆ. ನೋಡಿದರು, ಹೋದರು. ಬಾಗಿಲು ತೆರೆಯಲಿಲ್ಲ. ಅವ್ವ ಬರುವವರೆಗೆ ಮುಕ್ಕಾಲು ಗಂಟೆ ನಾನು ಟವೆಲ್ಲಿನಲ್ಲಿ ಮೆಟ್ಟಿಲ ಮೇಲೆ ಕೂತಿದ್ದೆ. ಚಾಳಿನಲ್ಲಾಗಿದ್ದರೆ ಇಷ್ಟು ಹೊತ್ತಿಗೆ ಮೂರು ಮನೆಯ ಲುಂಗಿ ಬಂದಿರುತ್ತಿದ್ದವು, ಜೊತೆಗೆ ಮೂವತ್ತು ಮಂದಿಯ ನಗೆಯೂ. ಇಲ್ಲಿ ನನ್ನ ಮಾನ ಉಳಿಯಿತು ಎಂದು ನಾನು ಸಮಾಧಾನ ಪಟ್ಟುಕೊಂಡೆ. ನನ್ನ ಆಗಿನ ಬುದ್ಧಿ ಅಂಥದ್ದು.

ಇನ್ನು ಹೇಳಬೇಕಾದದ್ದು ಒಂದು ಭಾನುವಾರದ ಮಾತು. ಹೋಳಿಯ ಹಿಂದಿನ ವಾರ. ನನ್ನ ಆಫೀಸಿನ ಸಾಹೇಬರೂ ಅವರ ಹೆಂಡತಿಯೂ ಮೊದಲ ಸಲ ಚಹಾಕ್ಕೆ ಬಂದಿದ್ದರು. ಅವರು ಉತ್ತರ ಹಿಂದೂಸ್ತಾನದವರು. ಬಡ್ತಿಯ ಪಟ್ಟಿ ಅವರ ಮೇಜಿನ ಮೇಲಿತ್ತು, ಹಾಗಾಗಿ ನಾನು ಎರಡು ದಿನದಿಂದ ಮನೆಯ ಮೂಲೆಮೂಲೆ ಒರೆಸಿದ್ದೆ. ಅವ್ವ ಅಡುಗೆಮನೆಯಲ್ಲಿ ಶಿರಾ ಮಾಡುತ್ತಿದ್ದಳು. ಮಾತು ತೀರಿತು. ಮಾತು ತೀರಿದಾಗ ಮನೆ ತೋರಿಸುವುದು ನನ್ನಂಥವರ ಪದ್ಧತಿ. ತೋರಿಸಲು ಹೆಚ್ಚೇನೂ ಇರಲಿಲ್ಲವಾಗಿ ಮ್ಯಾಜಿಕ್ ಐ ತೋರಿಸಲು ಹೊರಟೆ. ಮೊದಲು ನಾನೇ ಕಣ್ಣಿಟ್ಟೆ.

ಮೆಟ್ಟಿಲ ಮೇಲೆ ಗಂಗವ್ವ ಕೂತಿದ್ದಳು. ಮಡಿಲಲ್ಲಿ ಒಂದು ಬಟ್ಟೆಯ ಚೀಲ. ಮುಖ ನಮ್ಮ ಬಾಗಿಲ ಕಡೆಗೇ ಇತ್ತು. ಎಷ್ಟು ಹೊತ್ತಿನಿಂದ ಕೂತಿದ್ದಳೋ. ಗಂಟೆ ಒತ್ತಿರಲಿಲ್ಲ, ಕೂಗಿರಲಿಲ್ಲ. ಮುಚ್ಚಿದ ಬಾಗಿಲಲ್ಲವೇ.

ಒಂದು ಗಳಿಗೆಯಲ್ಲಿ ಮನುಷ್ಯ ಎಷ್ಟೆಲ್ಲ ಲೆಕ್ಕ ಹಾಕಬಲ್ಲ ನೋಡಿ. ಇವಳು ಒಳಗೆ ಬರುತ್ತಾಳೆ. ಬಂದವಳೇ ‘ಏನೋ ಸಿದ್ದ್ಯಾ’ ಎಂದು ಬೆನ್ನಿಗೆ ಗುದ್ದುತ್ತಾಳೆ. ಏಳು ವರ್ಷದವರೆಗೆ ನಾನು ಹಾಸಿಗೆ ಒದ್ದೆ ಮಾಡುತ್ತಿದ್ದುದನ್ನು ತನ್ನ ಮುರುಕು ಹಿಂದಿಯಲ್ಲಿ ಸಾಹೇಬರ ಹೆಂಡತಿಗೆ ಹೇಳುತ್ತಾಳೆ. ಚಾಳು, ಗಿರಣಿ, ಖಾನಾವಳಿ ಎಲ್ಲ ಹೊರಗೆ ಬರುತ್ತದೆ. ತಂಬಾಕು ಉಗುಳಲು ಎಲ್ಲಿ ಹೋಗುತ್ತಾಳೆ? ಇದೆಲ್ಲ ಯೋಚಿಸುತ್ತಿರುವಾಗಲೇ ಸಾಹೇಬರು ‘ಹಮ್ ಭೀ ದೇಖೇಂ’ ಎಂದು ಬಂದು ಕಿಂಡಿಗೆ ಕಣ್ಣಿಟ್ಟರು.

‘ಕೋಯಿ ಔರತ್ ಬೈಠೀ ಹೈ ಸೀಢೀ ಪರ್’ ಎಂದರು, ಮೆಟ್ಟಿಲ ಮೇಲೆ ಯಾರೋ ಹೆಂಗಸು ಕೂತಿದ್ದಾಳೆ ಎಂದು.

ನಾನು ಹೇಳಿದೆ: ‘ಕಿಸೀ ಕೀ ಕಾಮ್‌ವಾಲೀ ಹೋಗೀ ಸಾಬ್.’

ಯಾರದೋ ಮನೆಯ ಕೆಲಸದವಳಿರಬೇಕು ಅಂದೆ. ನನ್ನ ದನಿ ಸ್ವಲ್ಪವೂ ನಡುಗಲಿಲ್ಲ. ಅಡುಗೆಮನೆಯಲ್ಲಿ ಸೌಟಿನ ಸದ್ದು ಒಮ್ಮೆ ನಿಂತು ಮತ್ತೆ ಶುರುವಾಯಿತು. ಅವ್ವ ಶಿರಾ ತಂದಳು. ಸಾಹೇಬರು ಎರಡು ಸಲ ಹಾಕಿಸಿಕೊಂಡರು. ಅವರನ್ನು ಬೀಳ್ಕೊಡಲು ಬಾಗಿಲು ತೆರೆದೆ. ಮೆಟ್ಟಿಲು ಖಾಲಿಯಾಗಿತ್ತು. ನಿಮ್ಮ ಮುಂದೆ ಮುಚ್ಚುಮರೆ ಯಾಕೆ, ನನಗೆ ಆಗ ಹಾಯೆನಿಸಿತು. ಅವರು ಹೋದ ಮೇಲೆ ಸ್ಟೇಷನ್ನಿನವರೆಗೆ ಓಡಿದ್ದರೆ ಗಂಗವ್ವ ಸಿಗುತ್ತಿದ್ದಳೇನೋ. ಓಡಲಿಲ್ಲ. ಅವ್ವನಿಗೂ ಹೇಳಲಿಲ್ಲ.

ಬಡ್ತಿ ಬಂತು. ಒಂದು ದಿನ ಅವ್ವ ತಾನಾಗಿ, ‘ಪರೇಲಿಗೆ ಹೋಗಿ ಬರೂಣೇನು?’ ಎಂದಳು. ‘ಮುಂದಿನ ಐತವಾರ’ ಎಂದೆ. ಅವಳು ಒತ್ತಾಯ ಮಾಡಲಿಲ್ಲ. ಹಿಡಿದ ಮಾತು ಬಿಡುವ ಹೆಂಗಸಲ್ಲ ನನ್ನ ಅವ್ವ. ಇದೊಂದನ್ನು ಹೇಗೆ ಬಿಟ್ಟಳು ಎಂದು ನಾನು ಕೇಳಿಕೊಳ್ಳಲಿಲ್ಲ, ಬಿಟ್ಟಳಲ್ಲ ಸದ್ಯ ಎಂದುಕೊಂಡೆ. ಆಮೇಲೆ ಆಗಾಗ, ‘ಗಂಗಕ್ಕ ನಮ್ಮನ್ನ ಮರತಾಳ ಬಿಡು’ ಎನ್ನುತ್ತಿದ್ದಳು. ನಾನು ಪೇಪರಿನಿಂದ ತಲೆ ಎತ್ತದೆ ‘ಹೌದು’ ಎನ್ನುತ್ತಿದ್ದೆ.

ನಾಗರಪಂಚಮಿ ಕಳೆದ ಮೇಲೆ ಬಸುವಿನ ಕಾರ್ಡು ಬಂತು. ಗಂಗವ್ವ ತೀರಿಕೊಂಡಿದ್ದಳು. ಸತ್ತವರ ಮನೆಗೆ ಬುತ್ತಿ ಕಟ್ಟಿಕೊಂಡು ಹೋಗುವುದು ನಮ್ಮ ಕಡೆಯ ರೂಢಿ. ಅವ್ವ ಬೆಳಗಿನ ಜಾವವೇ ಎದ್ದು ರೊಟ್ಟಿ ಬಡಿದಳು, ಪಲ್ಯ ಮಾಡಿದಳು, ಡಬ್ಬಿಗೆ ಅರಿವೆ ಸುತ್ತಿ ಕಟ್ಟಿದಳು. ಲೋಕಲ್ ಹಿಡಿದು ಹೋದೆವು. ಚಾಳು ಹಾಗೇ ಇತ್ತು, ಗಂಗವ್ವನ ಖೋಲಿಯ ಬಾಗಿಲು ತೆರೆದಿತ್ತು. ಗೋಡೆಗೆ ಒರಗಿಸಿಟ್ಟ ಫೋಟೋದ ಮುಂದೆ ಬಸು ಕೂತಿದ್ದ. ಅವನೂ ಈಗ ಗಿರಣಿಯವನೇ.

‘ಹೊಟ್ಟ್ಯಾಗ ಗಡ್ಡಿ ಆಗಿತ್ತು ಚಿಗವ್ವಾ’ ಎಂದು ಅವ್ವನಿಗೆ ಹೇಳಿದ. ‘ಹೋಳಿ ಮುಂದ ಡಾಕ್ಟರ್ ಅಂದ್ರು, ಈಗಿಂದೀಗ ಆಪರೇಶನ್ ಮಾಡಸ್ರಿ ಅಂತ. ಆಕಿ ಒಂದಾ ಹಟಾ, ಬಾಜೂಕ ಶಾರದಾ ಇರಬೇಕು, ಆಕಿ ಇದ್ರ ನನಗ ಅಂಜಿಕಿ ಇಲ್ಲ ಅಂತ. ನಿಮ್ಮನ್ನ ಕರ್‍ಯಾಕ ಒಬ್ಬಾಕೀನ ಜೋಗೇಶ್ವರಿಗೆ ಬಂದಿದ್ಲು.’

ಬಸು ಫೋಟೋದ ಕಡೆ ನೋಡಿ ಮುಂದುವರಿಸಿದ.

‘ಬಾಗಲಾ ಮುಚ್ಚಿತ್ತಂತ. ತಾಸೊತ್ತು ಕುಂತು ನೋಡಿ ಬಂದ್ಲು. ಶಾರದಾ ಊರಿಗೆ ಹೋಗ್ಯಾಳ, ಸಿದ್ದು ಎಲ್ಲೋ ಅಡ್ಡ್ಯಾಡಾಕ ಹೋಗಿರಬೇಕು ಅಂದ್ಲು. ನಾ ಹೋಗಿ ನೋಡಿ ಬರ್ತೀನಿ ಅಂದ್ರ ಬಿಡಲಿಲ್ಲ. ಊರಾಗ ಏನ ಕೆಲಸ ಐತೋ, ಗಾಬರಿ ಮಾಡಬ್ಯಾಡ, ಬಂದ ಕೂಡ್ಲೆ ಊರಿನ ಬುತ್ತಿ ತಗೊಂಡು ತಾನಾ ಬರ್ತಾಳ ಅಂದ್ಲು. ಆಸ್ಪತ್ರಿ ತಾರೀಖು ಎರಡ ಸಲ ಮುಂದ ಹಾಕಿಸಿದ್ಲು. ಮೂರನೇದಕ್ಕ ಡಾಕ್ಟರಾ ಇನ್ನ ಉಪಯೋಗಿಲ್ಲ ಅಂದ್ರು.’ ಅವನು ಕಣ್ಣು ಒರೆಸಿಕೊಂಡು ಅವ್ವನ ಕಡೆ ತಿರುಗಿದ. ಅವನ ಮಾತಿನಲ್ಲಿ ಆಕ್ಷೇಪ ಒಂದಿಷ್ಟೂ ಇರಲಿಲ್ಲ. ‘ಊರಿಂದ ಯಾವಾಗ ಬಂದ್ರಿ ಚಿಗವ್ವಾ?’

 ನಾವು ಆ ವರ್ಷ ಊರಿಗೆ ಹೋಗಿಯೇ ಇರಲಿಲ್ಲ. ಈಗ ಅವ್ವ ‘ಯಾವ ಊರಿಗೆ?’ ಎಂದು ಕೇಳುತ್ತಾಳೆ, ಎಲ್ಲ ಹೊರಗೆ ಬೀಳುತ್ತದೆ ಎಂದು ಕಾದೆ. ಬಿದ್ದರೆ ಬೀಳಲಿ ಎಂದೂ ಒಂದು ಮನಸ್ಸು ಹೇಳುತ್ತಿತ್ತು.

‘ಮೊನ್ನಿ ಬಂದೆಪಾ’ ಎಂದಳು ಅವ್ವ.

ಬಸು ತಲೆಯಾಡಿಸಿದ. ಅವ್ವನ ಮುಂದಿದ್ದ ಡಬ್ಬಿಯನ್ನು ಎರಡೂ ಕೈಯಿಂದ ಎತ್ತಿಕೊಂಡು ಹೋಗಿ ಫೋಟೋದ ಮುಂದೆ ಇಟ್ಟು ಅರಿವೆ ಬಿಚ್ಚಿದ. ‘ಯವ್ವಾ, ಶಾರದಾ ಚಿಗವ್ವ ಊರಿಂದ ಬಂದಾಳ ನೋಡು, ಬುತ್ತಿ ತಂದಾಳ’ ಎಂದ. ಜೋಗೇಶ್ವರಿಯ ಗ್ಯಾಸಿನ ಒಲೆಯ ಮೇಲೆ ಬೇಯಿಸಿದ ರೊಟ್ಟಿ ಅವು. ಅವ್ವ ಸೆರಗು ಬಾಯಿಗೆ ಒತ್ತಿಕೊಂಡಳು.

ಹಿಂತಿರುಗುವಾಗ ಗಾಡಿಯಲ್ಲಿ ಕೂರಲು ಜಾಗ ಸಿಕ್ಕಿತು.  ಬಾಂದ್ರಾ ದಾಟಿದ ಮೇಲೆ ನಾನು ಕೇಳಿದೆ: ‘ಅವ್ವಾ, ನಿನಗ ಗೊತ್ತಿತ್ತೇನು?’

‘ಅಡಗಿ ಮನಿ ಕಿಟಕ್ಯಾಗ ನಿಂತಿದ್ದೆ’ ಎಂದಳು, ಹೊರಗೆ ನೋಡುತ್ತಲೇ. ‘ಆಕಿ ಗೇಟಿನ್ಯಾಗ ಬರೂದು ಕಂಡಿತ್ತು. ಈಗ ಮೆಟ್ಟಿಲಾ ಹತ್ತತಾಳ, ಈಗ ಕೂಗತಾಳ ಅಂತ ಕಾದೆ. ಆಮ್ಯಾಲೆ ನೀ ಸಾಹೇಬಗ ಹೇಳಿದ್ದು ಕೇಳಿತು.’

‘ಮತ್ತ ನೀನರ ಯಾಕ ಹೊರಗ ಬರಲಿಲ್ಲ?’

ಹಾಗೆ ಕೇಳುವ ಬಾಯಿ ನನಗೆ ಎಲ್ಲಿಂದ ಬಂತೋ. ಈಗ ಯೋಚಿಸಿದರೆ ತಿಳಿಯುತ್ತದೆ: ತಪ್ಪಿನಲ್ಲಿ ಒಂದು ಪಾಲು ಅವಳ ಮೇಲೆ ಹಾಕಲು ಜಾಗ ಸಿಕ್ಕಿತೆಂದು ನನ್ನ ಜೀವ ಆಸೆಪಟ್ಟಿತ್ತು. ಅವ್ವ ಅದನ್ನು ಬೇಡ ಅನ್ನಲಿಲ್ಲ.

‘ನಾ ಬಂದಿದ್ರ ಮಂದಿ ಮುಂದ ನೀ ಸುಳ್ಳ ಆಗ್ತಿದ್ದಿ. ಮಗನ್ನ ಸುಳ್ಳ ಮಾಡೂದು ಬ್ಯಾಡ ಅಂತ ಒಲಿ ಮುಂದ ನಿಂತೆ. ಆಮ್ಯಾಲೆ ಯಾವ ಮಾರಿ ಹೊತ್ತು ಪರೇಲಿಗೆ ಹೋಗಲಿ?’ ಎಂದಳು. ಅಂಧೇರಿ ಬಂದಾಗ ಮತ್ತೆ ಹೇಳಿದಳು: ‘ಒಲಿಯಿಂದ ಬಾಗಲಕ ಐದು ಹೆಜ್ಜಿ ಇತ್ತೋ ಸಿದ್ದ್ಯಾ. ಆಕಿ ಐದು ತಿಂಗಳು ನನ್ನ ದಾರಿ ಕಾದ್ಲು.’

ಜೋಗೇಶ್ವರಿ ಬಂತು. ಗಾಡಿ ಇಳಿಯುವಾಗ ಅವಳಿಗೆ ಯಾವಾಗಲೂ ನನ್ನ ಕೈ ಬೇಕು. ನಾನು ಮೊದಲು ಇಳಿದು ಕೈ ಚಾಚಿದೆ. ಅವ್ವ ಬಾಗಿಲ ಕಂಬಿ ಹಿಡಿದು ತಾನೇ ಇಳಿದಳು.